ಮುಂದೆ ಸಿಗಿಸಬೇಕೋ, ಪಕ್ಕಕ್ಕೋ? ಲೈಸೆನ್ಸ್ ರಿವಾಲ್ವರ್ ಇರುವವರಿಗೆ ಒಂದು ಹೋಲಿಕೆ

ಪಂಕ್ತಿಯಲ್ಲಿ ಊಟಕ್ಕೆ ಕೂತಾಗ ನನಗೆ ಮೊದಲ ಸಲ ಹೆದರಿಕೆ ಆಯಿತು. ಮುಧೋಳದ ಹತ್ತಿರ ಒಂದು ವಾಸ್ತುಶಾಂತಿ. ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದೆ. ಮುಂದೆ ಎಲೆ, ಎಲೆಯಲ್ಲಿ ಹೋಳಿಗೆ, ಎಣ್ಣೆಗಾಯಿ ಪಲ್ಯ. ಹೊಟ್ಟೆಯ ಕೆಳಗೆ, ಪ್ಯಾಂಟಿನ ಒಳಗೆ, ಗುಂಡು ತುಂಬಿದ ರಿವಾಲ್ವರ್. ತುತ್ತಿಗೆ ಬಾಗಿದಾಗ ಹಿಡಿ ಪಕ್ಕೆಲುಬಿಗೆ ಒತ್ತಿತು. ಆಗ ತಲೆಯಲ್ಲಿ ಒಂದು ಪ್ರಶ್ನೆ ಬಂತು: ಹಿಡಿ ಇಲ್ಲಿದ್ದರೆ ನಳಿಗೆ ಎಲ್ಲಿಗೆ ಗುರಿ ಇಟ್ಟಿದೆ? ನೋಡಿದರೆ ನನ್ನದೇ ತೊಡೆಯ ಸಂದಿಗೆ. ಹೋಳಿಗೆ ಅರ್ಧಕ್ಕೆ ಬಿಟ್ಟು ಎದ್ದೆ. ಬಡಿಸುತ್ತಿದ್ದವರು ನನಗೆ ಸಕ್ಕರೆ ಕಾಯಿಲೆ ಅಂದುಕೊಂಡರು, ನಾನೂ ಹೂಂ ಅಂದೆ.

ನಾನು ಬಾಗಲಕೋಟೆ ಜಿಲ್ಲೆಯವನು. ಬೆಲ್ಲದ ಅಡತಿ ಅಂಗಡಿ ನಮ್ಮದು. ಸೀಸನ್‌ನಲ್ಲಿ ರೈತರಿಗೆ ನಗದು ಕೊಡುವ ಕಾಲದಲ್ಲಿ ಅಪ್ಪ ಲೈಸೆನ್ಸ್ ಮಾಡಿಸಿದ್ದರು, ಆಮೇಲೆ ನಾನೂ ಮಾಡಿಸಿದೆ. ಈಗ ಫೋನ್‌ನಲ್ಲೇ ದುಡ್ಡು ಹೋಗುತ್ತದೆ, ನಗದು ಕಮ್ಮಿಯಾಗಿದೆ. ಆದರೂ ಪರಿಚಯದವರು ಕೇಳುವುದು ನಿಂತಿಲ್ಲ. ಇಳಕಲ್ಲಿನ ಗ್ರಾನೈಟ್ ಕ್ವಾರಿಯವರು, ತಿಕೋಟಾ ಕಡೆಯ ಒಣದ್ರಾಕ್ಷಿ ವ್ಯಾಪಾರದವರು, ಬೆಳಗಾವಿಯ ಬಂಗಾರದ ಅಂಗಡಿಯವರು, ಎಲ್ಲರದೂ ಒಂದೇ ಪ್ರಶ್ನೆ: "ಮುಂದ ಸಿಗಸ್ಕೋಬೇಕೇನ್ರೀ, ಪಕ್ಕಕ್ಕ ಕಟ್ಟಬೇಕೇನ್ರೀ?" ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಇದು ಲೈಸೆನ್ಸ್ ಇರುವವರಿಗೆ ಮಾತ್ರ. ಭೀಮಾ ತೀರದ ಕಥೆ ಕೇಳಿ ಕಂಟ್ರಿ ಪಿಸ್ತೂಲು ಇಟ್ಟುಕೊಂಡ ಹುಡುಗರಿಗೆ ನಾನು ಹೇಳುವುದು ಏನೂ ಇಲ್ಲ. ಆ ಸಾಮಾನಿಗೆ ಸೊಂಟದಲ್ಲಿ ಸುರಕ್ಷಿತ ಜಾಗ ಅಂತ ಒಂದು ಇಲ್ಲವೇ ಇಲ್ಲ.

ಕಾನೂನು ಏನನ್ನುತ್ತದೆ ಅನ್ನುವುದನ್ನು ಎರಡೇ ಮಾತಿನಲ್ಲಿ ಮುಗಿಸುತ್ತೇನೆ, ಯಾಕಂದರೆ ನಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಪಿಸ್ತೂಲು, ರಿವಾಲ್ವರ್ ಒಯ್ಯುವವರು ಅದನ್ನು ಒರೆಯಲ್ಲಿ, ಅಂದರೆ ಹೋಲ್ಸ್ಟರ್‌ನಲ್ಲಿಟ್ಟು ಮೈಗೆ ಕಟ್ಟಿಕೊಂಡಿರಬೇಕು, ಇಲ್ಲವೇ ಬೆನ್ನುಚೀಲದಂಥದ್ದರಲ್ಲಿ ಇಟ್ಟಿರಬೇಕು. ಅದು ಪೂರ್ತಿ ಮುಚ್ಚಿರಬೇಕು, ನಿಮ್ಮ ಹಿಡಿತದಲ್ಲೂ ಇರಬೇಕು. ಅಂದರೆ ಬರೀ ಪ್ಯಾಂಟಿನ ಎಲಾಸ್ಟಿಕ್‌ಗೋ ಬೆಲ್ಟಿಗೋ ಸಿಗಿಸಿ ಹೊರಡುವುದು ಸಿನಿಮಾದ ಕೆಲಸ. ಅಂಗಿ ಎತ್ತಿ ತೋರಿಸುವುದಂತೂ ಲೈಸೆನ್ಸಿಗೇ ಕುತ್ತು. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಹಾರಿಸುವ ಚಟಕ್ಕೆ 2019ರ ತಿದ್ದುಪಡಿಯಲ್ಲಿ ಬೇರೆಯೇ ಶಿಕ್ಷೆ ಬಂದಿದೆ. 2 ವರ್ಷದ ತನಕ ಜೈಲು, ಇಲ್ಲವೇ 1 ಲಕ್ಷ ರೂಪಾಯಿ ತನಕ ದಂಡ, ಇಲ್ಲವೇ ಎರಡೂ.

ನಮ್ಮ ಕಡೆ ಜಾಸ್ತಿ ಜನರ ಹತ್ತಿರ ಇರುವುದು ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್. 9 ಎಂಎಂ ನಮಗೆ ಸಿಗುವುದಿಲ್ಲ, ಅದು ನಿಷೇಧಿತ ಬೋರ್, ಅಂದರೆ ಸಾಮಾನ್ಯರಿಗೆ ಲೈಸೆನ್ಸ್ ಕೊಡದ ನಳಿಗೆಯ ಅಳತೆ. ಹಳೆಯ ಮಾದರಿಗೆ ಮೂರು ಇಂಚಿನ ನಳಿಗೆ, ಒಟ್ಟು ಉದ್ದ ಏಳು ಇಂಚು, ತೂಕ ಖಾಲಿ ಇದ್ದಾಗಲೇ 700 ಗ್ರಾಂ. 2014ರಲ್ಲಿ ಬಂದ ನಿರ್ಭೀಕ್ ಹಗುರ, ಸುಮಾರು ಅರ್ಧ ಕಿಲೋ. ಎರಡಕ್ಕೂ ಆರು ಗುಂಡು. ಇದನ್ನು ಯಾಕೆ ಹೇಳಿದೆ ಅಂದರೆ, ಇಂಟರ್ನೆಟ್‌ನಲ್ಲಿ ಮುಂದೆ ಸಿಗಿಸಿಕೊಳ್ಳುವ ಬಗ್ಗೆ ಬರುವ ಸಲಹೆಯೆಲ್ಲ ಹೆಚ್ಚಾಗಿ ಅಮೆರಿಕದ್ದು. ಅವರ ಪಿಸ್ತೂಲು ತೆಳು, ಚಪ್ಪಟೆ. ನಮ್ಮ ರಿವಾಲ್ವರ್‌ಗೆ ನಡುವೆ ಗುಂಡು ತುಂಬುವ ಉರುಳೆ ಇದೆ. ಹೊಟ್ಟೆಗೂ ಬೆಲ್ಟಿಗೂ ನಡುವೆ ಆ ಉಬ್ಬು ಕೂತರೆ ನಿಂಬೆಹಣ್ಣು ಸಿಕ್ಕಿಕೊಂಡ ಹಾಗೆ. ಅವರ ಸುಖದ ಲೆಕ್ಕ ನಮಗೆ ಹೊಂದುವುದಿಲ್ಲ.

ಇನ್ನು ಜಾಗದ ಹೆಸರು. ನಿಮ್ಮ ಸೊಂಟ ಒಂದು ಗಡಿಯಾರ ಅಂದುಕೊಳ್ಳಿ. ಹೊಕ್ಕುಳು 12 ಗಂಟೆ, ಬಲ ಸೊಂಟ 3, ಬೆನ್ನಿನ ನಡು 6. ಬಲಗೈಯವರು ಮುಂದೆ ಸಿಗಿಸುವುದು 1 ಗಂಟೆಯ ಹತ್ತಿರ. ಅಪೆಂಡಿಕ್ಸ್ ಇರುವ ಜಾಗ ಅದು, ಅದಕ್ಕೇ ಇಂಗ್ಲಿಷಿನವರು ಅಪೆಂಡಿಕ್ಸ್ ಕ್ಯಾರಿ ಅನ್ನುತ್ತಾರೆ. ಪಕ್ಕಕ್ಕೆ ಅಂದರೆ 3ರಿಂದ 4ರ ನಡುವೆ.

ಮುಂದೆ ಇಟ್ಟುಕೊಳ್ಳುವುದು

ಇದರ ಒಳ್ಳೆಯ ಗುಣ ಮೊದಲು ಹೇಳಬೇಕು, ಯಾಕಂದರೆ ಅದು ಸಣ್ಣದಲ್ಲ. ಸಂತೆ ದಿನದ ಗದ್ದಲ ನೆನಪಿಸಿಕೊಳ್ಳಿ. ಬಸ್ ಸ್ಟ್ಯಾಂಡಿನ ನೂಕುನುಗ್ಗಲು ನೆನಪಿಸಿಕೊಳ್ಳಿ. ಹಿಂದಿನಿಂದ, ಪಕ್ಕದಿಂದ ಯಾರು ಒತ್ತುತ್ತಿದ್ದಾರೆ ಅಂತ ಗೊತ್ತಾಗುವುದಿಲ್ಲ. ಅಂಥ ಕಡೆ ಪಕ್ಕಕ್ಕೆ ಕಟ್ಟಿದ ರಿವಾಲ್ವರ್ ಮೇಲೆ ಬೇರೆಯವರ ಮೊಣಕೈ ತಾಗುತ್ತದೆ, ಕೈಯೂ ತಾಗಬಹುದು. ಮುಂದೆ ಇದ್ದರೆ ನಿಮ್ಮ ಎರಡೂ ಕೈ ಅದರ ಮೇಲೇ ಇರುತ್ತವೆ. ಕಣ್ಣೂ ಅಲ್ಲೇ. ಯಾರಾದರೂ ಅಪ್ಪಿಕೊಂಡರೂ ಅವರ ಕೈ ನಿಮ್ಮ ಬೆನ್ನಿಗೆ ಹೋಗುತ್ತದೆ, ಹೊಟ್ಟೆಗಲ್ಲ. ಬಗ್ಗಿ ಏನಾದರೂ ಎತ್ತುವಾಗ ಹಿಂದೆ ಅಂಗಿ ಮೇಲೇರಿದರೂ ಮುಂದೆ ಮುಚ್ಚಿಯೇ ಇರುತ್ತದೆ. ತೆಗೆಯುವುದಕ್ಕೂ ಬೇಗ. ನಿಂತಿದ್ದಾಗ, ನಡೆಯುವಾಗ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ, ಇದನ್ನು ನಾನು ಒಪ್ಪುತ್ತೇನೆ.

ತೊಂದರೆ ಶುರುವಾಗುವುದು ಕೂತ ಮೇಲೆ. ತೊಡೆಯ ಸಂದಿಯಲ್ಲಿ ಒಂದು ದೊಡ್ಡ ರಕ್ತನಾಳ ಹೋಗುತ್ತದೆ, ಫೆಮೊರಲ್ ಆರ್ಟರಿ ಅಂತ. ಅದಕ್ಕೆ ಪೆಟ್ಟಾದರೆ ಕೆಲವೇ ನಿಮಿಷದಲ್ಲಿ ಜೀವ ಹೋಗುವಷ್ಟು ರಕ್ತ ಹೋಗುತ್ತದೆ. ತೊಡೆಯ ನಡುವೆ ಗಾಯವಾದರೆ ಮೇಲೆ ಬಿಗಿಯಾಗಿ ಪಟ್ಟಿ ಕಟ್ಟಬಹುದು. ಸಂದಿಯಲ್ಲೇ ಆದರೆ ಕಟ್ಟುವುದಕ್ಕೆ ಜಾಗವೇ ಇಲ್ಲ. ಬಟ್ಟೆಯನ್ನು ಗಾಯದೊಳಕ್ಕೆ ತುರುಕಿ, ಮೈಭಾರ ಹಾಕಿ ಒತ್ತಿ ಹಿಡಿದು, 108 ಬರುವ ತನಕ ಕೈ ಬಿಡದೆ ಕೂರಬೇಕು. ಹೊಲದ ಮನೆಯಿಂದ ಆಸ್ಪತ್ರೆಗೆ ಎಷ್ಟು ಹೊತ್ತು ಅಂತ ನಿಮ್ಮ ಲೆಕ್ಕ ನೀವೇ ಹಾಕಿ. ಪಕ್ಕದ ಹೋಲ್ಸ್ಟರ್‌ನಲ್ಲಿ ಆಕಸ್ಮಿಕವಾಗಿ ಹಾರಿದ ಗುಂಡೂ ತೊಡೆಯ ಹೊರಗಿನ ಮಾಂಸವನ್ನು ಸೀಳಬಹುದು, ಆದರೆ ಹೆಚ್ಚಾಗಿ ನೆಲಕ್ಕೆ ಹೋಗುತ್ತದೆ. ಮುಂದಿನದು ಎಲ್ಲಿಗೆ ಹೋಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

"ಗುಂಡು ತಾನಾಗಿ ಹಾರತೈತೇನ್ರೀ?" ಅಂತ ಕೇಳುವವರಿದ್ದಾರೆ. 2008ರಲ್ಲಿ ಅಮೆರಿಕದ ಫುಟ್‌ಬಾಲ್ ಆಟಗಾರ ಪ್ಲಾಕ್ಸಿಕೊ ಬರೆಸ್ ನ್ಯೂಯಾರ್ಕಿನ ಒಂದು ಕ್ಲಬ್ಬಿಗೆ ಹೋಗಿದ್ದರು. ಎಲಾಸ್ಟಿಕ್ ಪ್ಯಾಂಟಿನ ಸೊಂಟಕ್ಕೆ ಪಿಸ್ತೂಲು ಸಿಗಿಸಿದ್ದರು, ಹೋಲ್ಸ್ಟರ್ ಇರಲಿಲ್ಲ. ಅದು ಕಾಲಿನೊಳಗೆ ಜಾರಿತು, ಗುಂಡು ತೊಡೆಗೆ ಹೋಯಿತು. ಜೀವ ಉಳಿಯಿತು, 2 ವರ್ಷ ಜೈಲಾಯಿತು. ನಮ್ಮಲ್ಲೇ ಬೇಕೆಂದರೆ, ನಟ ಗೋವಿಂದ ಅವರಿಗೆ 2024ರ ಅಕ್ಟೋಬರ್ 1ರ ಬೆಳಗಿನ ಜಾವ ಮುಂಬೈನ ಮನೆಯಲ್ಲಿ ತಮ್ಮದೇ ಲೈಸೆನ್ಸ್ ರಿವಾಲ್ವರ್‌ನಿಂದ ಕಾಲಿಗೆ ಗುಂಡು ತಗುಲಿತು. ಹೊರಡುವ ಅವಸರ, ಕೈಯಲ್ಲಿ ತುಂಬಿದ ರಿವಾಲ್ವರ್. ಇಷ್ಟೇ ಸಾಕು.

ನನ್ನದೇ ಒಂದು ಕಥೆ ಹೇಳುತ್ತೇನೆ. ಇದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ನನಗೆ ಇದೆಲ್ಲ ಕಲಿಸಿದವರು ಬೆಳಗಾವಿಯ ಒಬ್ಬ ನಿವೃತ್ತ ಸುಬೇದಾರರು. ನಾನು ಕಾಕಾ ಅನ್ನುತ್ತೇನೆ. ರಿವಾಲ್ವರ್ ಒಳಗೆ ಇಡುವಾಗ ಹೆಬ್ಬೆರಳನ್ನು ಹ್ಯಾಮರ್ ಮೇಲೆ, ಅಂದರೆ ಗುಂಡಿಗೆ ಬಡಿಯುವ ಹಿಂದಿನ ಸುತ್ತಿಗೆಯ ಮೇಲೆ, ಇಟ್ಟಿರಬೇಕು ಅಂತ ಅವರ ಮೊದಲ ಪಾಠ. ಟ್ರಿಗರ್‌ಗೆ ಏನಾದರೂ ಸಿಕ್ಕಿ ಎಳೆದರೆ ಹ್ಯಾಮರ್ ಮೇಲೇಳಬೇಕು, ಹೆಬ್ಬೆರಳಿಗೆ ಅದು ಮೊದಲೇ ಗೊತ್ತಾಗುತ್ತದೆ. ಒಂದು ಸಂಜೆ ಅಂಗಡಿ ಮುಚ್ಚಿ, ಅವಸರದಲ್ಲಿ, ಕನ್ನಡಿ ಮುಂದೆ ನಿಂತು ಮುಂದಿನ ಹೋಲ್ಸ್ಟರ್‌ಗೆ ಇಳಿಸುತ್ತಿದ್ದೆ. ಅರ್ಧ ಇಳಿದ ಮೇಲೆ ಹೆಬ್ಬೆರಳ ಕೆಳಗೆ ಏನೋ ಅಲುಗಿತು. ಕೂದಲೆಳೆಯಷ್ಟು. ಕೈ ಅಲ್ಲೇ ನಿಂತಿತು. ನಿಧಾನಕ್ಕೆ ಮೇಲೆ ಎತ್ತಿ ನೋಡಿದರೆ ಉಡದಾರ! ಕಪ್ಪು ಉಡದಾರದ ಗಂಟಿನ ತುದಿ ಟ್ರಿಗರ್ ಬಳೆಯೊಳಗೆ ಹೋಗಿ ಕೊಕ್ಕೆ ಹಾಕಿಕೊಂಡಿತ್ತು. ನಾನು ಒತ್ತಿದಷ್ಟೂ ಅದು ಎಳೆಯುತ್ತಿತ್ತು. ಮಂಚದ ಮೇಲೆ ಕೂತು ಬಹಳ ಹೊತ್ತು ಆ ದಾರವನ್ನೇ ನೋಡಿದೆ. ಅವ್ವ ಮೈಲಾರದಿಂದ ತಂದು ಕಟ್ಟಿದ್ದು.

ಉಡದಾರ ಒಂದೇ ಅಲ್ಲ. ಪೈಜಾಮದ ಲಾಡಿ, ಜಾಕೆಟ್‌ನ ಕೆಳಗಿನ ಎಳೆಯುವ ದಾರ, ಇನ್‌ಶರ್ಟ್ ಮಾಡಿದ ಅಂಗಿಯ ತುದಿ, ಬನಿಯನ್ನಿನ ಹರಿದ ಅಂಚು, ಇವೆಲ್ಲ ಬೆರಳಿನ ಕೆಲಸ ಮಾಡಬಲ್ಲವು. ಅಮೆರಿಕದ ಸಲಹೆಯಲ್ಲಿ ಅಂಗಿಯ ತುದಿ ಬರುತ್ತದೆ, ಉಡದಾರ ಬರುವುದಿಲ್ಲ. ಹಾಗಾಗಿ ನಾನೇ ಬರೆಯಬೇಕಾಯಿತು.

ಅದಕ್ಕೇ ಮುಂದೆ ಇಡಲೇಬೇಕು ಅನ್ನುವವರಿಗೆ ನನ್ನ ಒಂದೇ ಕಟ್ಟುನಿಟ್ಟು: ಮೈಮೇಲಿರುವ ಹೋಲ್ಸ್ಟರ್‌ಗೆ ರಿವಾಲ್ವರ್ ಇಳಿಸಬೇಡಿ. ಹೋಲ್ಸ್ಟರ್ ಬಿಚ್ಚಿ ಕೈಗೆ ತೆಗೆದುಕೊಳ್ಳಿ. ನಳಿಗೆಯನ್ನು ಗೋಡೆಯ ಕಡೆಗೋ ಮಣ್ಣಿನ ನೆಲದ ಕಡೆಗೋ ಹಿಡಿದು, ಹೊರಗೇ ರಿವಾಲ್ವರ್ ಕೂರಿಸಿ. ಹೋಲ್ಸ್ಟರ್ ಪಟ್ಟಿಯ ಗುಂಡಿ ಹಾಕಿ. ಆಮೇಲೆ ಎರಡನ್ನೂ ಒಟ್ಟಿಗೆ ಸೊಂಟಕ್ಕೆ ಸಿಗಿಸಿ. ರಾತ್ರಿ ತೆಗೆಯುವಾಗಲೂ ಹಾಗೇ, ಹೋಲ್ಸ್ಟರ್ ಸಮೇತ. ಹೊರಗೆ ಎಲ್ಲಾದರೂ ಮೈಮೇಲೇ ಇಳಿಸುವ ಪ್ರಸಂಗ ಬಂದರೆ ಅವಸರ ಬೇಡ. ಎಡಗೈಯಿಂದ ಅಂಗಿ ಎದೆಯ ತನಕ ಎತ್ತಿ, ಸೊಂಟವನ್ನು ಮುಂದಕ್ಕೆ ತಳ್ಳಿ, ಎದೆ, ಹೆಗಲು ಸ್ವಲ್ಪ ಹಿಂದಕ್ಕೆ ವಾಲಿಸಿ. ಆಗ ನಳಿಗೆ ಮೈಯಿಂದ ಆಚೆಗೆ ತಿರುಗುತ್ತದೆ. ಕಣ್ಣಿಟ್ಟು ನೋಡುತ್ತಾ ಇಳಿಸಿ. ತೋರುಬೆರಳು ಚೌಕಟ್ಟಿನ ಮೇಲೆ ನೆಟ್ಟಗೆ, ಹೆಬ್ಬೆರಳು ಹ್ಯಾಮರ್ ಮೇಲೆ. ನೋಡದೆ ಇಳಿಸುವುದು ಜಾಣತನ ಅಂತ ಕೆಲವು ಹುಡುಗರು ವಿಡಿಯೊ ಮಾಡುತ್ತಾರೆ. ನೋಡಿ ಇಳಿಸುವುದಕ್ಕೆ ಎರಡು ಸೆಕೆಂಡ್ ಜಾಸ್ತಿ, ಅಷ್ಟೇ.

ಸುಖದ ವಿಚಾರ ಹೊಟ್ಟೆಯ ಮೇಲೆ ನಿಂತಿದೆ. ಸಪೂರ ಇದ್ದವರಿಗೆ ಮುಂದಿನದು ಒಂದು ವಾರದಲ್ಲಿ ರೂಢಿಯಾಗುತ್ತದೆ. ನನ್ನ ಹಾಗೆ ಹೊಟ್ಟೆ ಬೆಲ್ಟಿನ ಮೇಲೆ ಸ್ವಲ್ಪ ಇಣುಕುತ್ತಿದ್ದರೆ ಹಿಡಿ ಮೇಲೆ ಚುಚ್ಚುತ್ತದೆ, ಹೋಲ್ಸ್ಟರ್‌ನ ಕೆಳತುದಿ ತೊಡೆಯ ಮಡಿಕೆಯಲ್ಲಿ ಕೆತ್ತುತ್ತದೆ. ಇದಕ್ಕೊಂದು ಉಪಾಯ ಇದೆ. ಹೋಲ್ಸ್ಟರ್‌ನ ಕೆಳತುದಿಯ ಒಳಮೈಗೆ ಬೆಣೆಯ ಆಕಾರದ ಸ್ಪಂಜು ಅಂಟಿಸುವುದು. ಕೆಳಗೆ ಸ್ಪಂಜು ಹೊರಗೆ ತಳ್ಳಿದಾಗ ಮೇಲೆ ಹಿಡಿ ಹೊಟ್ಟೆಗೆ ಒತ್ತಿಕೊಂಡು ಅಂಗಿಯ ಕೆಳಗೆ ಕಾಣುವುದಿಲ್ಲ, ನಳಿಗೆಯೂ ಸ್ವಲ್ಪ ಆಚೆಗೆ ವಾಲುತ್ತದೆ. ಹಳೆಯ ಚಪ್ಪಲಿಯ ಅಡಿಯ ರಬ್ಬರ್ ಕತ್ತರಿಸಿ ನಾನೇ ಮಾಡಿಕೊಂಡಿದ್ದೆ, ಚೆನ್ನಾಗೇ ಇತ್ತು. ಪ್ಯಾಂಟು ಒಂದು ಸೈಜು ದೊಡ್ಡದು ಬೇಕು: 34 ಹಾಕುವವರು 36 ತಗೊಳ್ಳಿ. ಬೆಲ್ಟು ಒಂದೂವರೆ ಇಂಚು ಅಗಲದ ಗಟ್ಟಿ ತೊಗಲಿನದು. ಮೆತ್ತನೆ ಬೆಲ್ಟಿನಲ್ಲಿ 700 ಗ್ರಾಂ ನೇತಾಡುತ್ತದೆ.

ಆದರೆ ಸ್ಪಂಜು, ಬೆಲ್ಟು ಏನೇ ಮಾಡಿದರೂ ನಮ್ಮ ಬದುಕು ನೆಲದ ಮೇಲಿದೆ. ಊಟ ನೆಲದ ಮೇಲೆ, ಅಂಗಡಿಯಲ್ಲಿ ಗಾದಿ ನೆಲದ ಮೇಲೆ, ಮಠದಲ್ಲಿ ಪ್ರವಚನಕ್ಕೆ ಕೂರುವುದು ನೆಲದ ಮೇಲೆ. ಗುಡಿಯಲ್ಲಿ ಉದ್ದಂಡ ನಮಸ್ಕಾರ ಹಾಕಿದರೆ ಮೈಭಾರ ಎಲ್ಲಾ ಅದರ ಮೇಲೆ. ಇನ್ನು ಕುಕ್ಕರುಗಾಲಲ್ಲಿ ಕೂರುವ ಪಾಯಿಖಾನೆ. ನಗಬೇಡಿ, ಇದನ್ನು ಯಾರೂ ಬರೆಯುವುದಿಲ್ಲ, ಎಲ್ಲರಿಗೂ ದಿನಾ ಬರುವ ಸಮಸ್ಯೆ. ಪ್ಯಾಂಟು ಇಳಿಸಿದ ಕೂಡಲೇ ಬೆಲ್ಟು ಸಡಿಲ, ರಿವಾಲ್ವರ್ ಭಾರಕ್ಕೆ ತಲೆಕೆಳಗು. ಮುಂದಿದ್ದರೂ ಪಕ್ಕಕ್ಕಿದ್ದರೂ ಹೋಲ್ಸ್ಟರ್ ಸಮೇತ ಮೊದಲೇ ಬಿಚ್ಚಿ, ಕುತ್ತಿಗೆಗೆ ನೇತುಹಾಕಿದ ಸಣ್ಣ ಚೀಲಕ್ಕೆ ಹಾಕಿ. ನೀರಿನ ತೊಟ್ಟಿಯ ಕಟ್ಟೆ ಮೇಲೆ ಇಡಬೇಡಿ. ಅಲ್ಲಿ ಇಟ್ಟದ್ದು ಅಲ್ಲೇ ಮರೆತು ಹೋಗುತ್ತದೆ. ಧಾಬಾದಲ್ಲಿ ಮರೆತು ಇಪ್ಪತ್ತು ಕಿಲೋಮೀಟರ್ ಹೋಗಿ ವಾಪಸು ಓಡಿಬಂದವರನ್ನು ನಾನು ಕಂಡಿದ್ದೇನೆ. ಯಾರು ಅಂತ ಕೇಳಬೇಡಿ.

ಪಕ್ಕಕ್ಕೆ ಕಟ್ಟುವುದು

ಹಳೆಯ ಪದ್ಧತಿ ಇದು. ಅಪ್ಪ ಧೋತರದ ಮೇಲೆ ಅಗಲ ಬೆಲ್ಟು ಕಟ್ಟಿ, ಅದರ ಮೇಲೆ ನೆಹರು ಶರ್ಟ್ ಹಾಕುತ್ತಿದ್ದರು. ಮೊಣಕಾಲಿನ ತನಕ ಬರುವ ಆ ಶರ್ಟ್ ಕೆಳಗೆ ಪಕ್ಕದ ಹೋಲ್ಸ್ಟರ್ ಕಾಣುತ್ತಲೇ ಇರಲಿಲ್ಲ. ಮುಚ್ಚುವುದಕ್ಕೆ ನಮ್ಮ ಕಡೆಯ ಉಡುಪಿಗಿಂತ ಒಳ್ಳೆಯದು ಬೇರೆ ಇಲ್ಲ. ಆದರೆ ತೆಗೆಯುವಾಗ ಅಷ್ಟು ಉದ್ದದ ಬಟ್ಟೆ ಎತ್ತಬೇಕು, ಅದು ಬೇರೆ ಮಾತು.

3 ಗಂಟೆಯಿಂದ 4ರ ನಡುವೆ, ಬೆಲ್ಟಿನ ಹೊರಗೆ ಕಟ್ಟಿದರೆ ಸೊಂಟದ ಮೂಳೆ ಭಾರ ಹೊರುತ್ತದೆ. ಹೊಟ್ಟೆಗೆ ತಾಗುವುದಿಲ್ಲ. ಚಕ್ಕಳಮಕ್ಕಳ ಹಾಕಿದರೂ ನಳಿಗೆ ಪೃಷ್ಠದ ಹೊರಗೆ, ಜಮಖಾನದ ಕಡೆಗೆ ಇರುತ್ತದೆ. ಅದೇ ವಾಸ್ತುಶಾಂತಿಯ ಮನೆಯವರು ಮುಂದೆ ಜವಳಕ್ಕೆ ಕರೆದಾಗ ಪಕ್ಕಕ್ಕೆ ಕಟ್ಟಿ ಹೋಗಿದ್ದೆ. ಎರಡು ಹೋಳಿಗೆ ತಿಂದೆ.

ತೊಂದರೆ ಇಲ್ಲವೆಂದಲ್ಲ. ಮೂರು ಇಂಚಿನ ನಳಿಗೆಯ ರಿವಾಲ್ವರ್ ಹೊರಗೆ ಕಟ್ಟಿದರೆ ಗಿಡ್ಡ ಅಂಗಿ ಸಾಲುವುದಿಲ್ಲ. ಗಾಳಿಗೆ ಅಂಗಿ ಹಾರಿದರೆ, ಬಗ್ಗಿದರೆ ಕಂಡುಬಿಡುತ್ತದೆ. ನಿಯಮ ಹೇಳುವುದು ಪೂರ್ತಿ ಮುಚ್ಚಿರಬೇಕು ಅಂತ. ಬೆಲ್ಟಿನ ಒಳಗೆ ಇಟ್ಟರೆ ಕಾಣುವುದು ಕಮ್ಮಿ, ಆದರೆ ಉರುಳೆಯ ಉಬ್ಬು ಸೊಂಟದ ಮೂಳೆಗೆ ತಿಕ್ಕಿ ತಿಕ್ಕಿ ಚರ್ಮ ಕಪ್ಪಾಗುತ್ತದೆ. ಬನಿಯನ್ ಉದ್ದದ್ದು ಹಾಕಿ, ನಡುವೆ ಒಂದು ಪದರ ಬಟ್ಟೆ ಇರಲಿ. ಇನ್ನೊಂದು, ಹಿಂದಿನಿಂದ ಯಾರಾದರೂ ಕೈ ಹಾಕಿದರೆ ನಿಮಗೆ ಕಾಣುವುದಿಲ್ಲ. ಹಾಗಾಗಿ ಗುಂಡಿ ಪಟ್ಟಿ ಇಲ್ಲದ ಹೋಲ್ಸ್ಟರ್ ಪಕ್ಕಕ್ಕೆ ಬೇಡವೇ ಬೇಡ. ಗದ್ದಲದಲ್ಲಿ ಬಲ ಮೊಣಕೈ ಅದರ ಮೇಲೇ ಇರಲಿ.

ಕಾರಿನಲ್ಲಿ ಎರಡಕ್ಕೂ ಕಷ್ಟವೇ. ವಿಜಯಪುರದಿಂದ ಹುಬ್ಬಳ್ಳಿಗೆ 52ನೇ ಹೆದ್ದಾರಿಯಲ್ಲಿ ಮುಂದೆ ಸಿಗಿಸಿಕೊಂಡು ಒಂದು ಸಲ ಹೋಗಿದ್ದೆ. ಸೀಟ್ ಬೆಲ್ಟಿನ ಸೊಂಟದ ಪಟ್ಟಿ ಸರಿಯಾಗಿ ಅದರ ಮೇಲೇ ಬಂತು. ಬ್ರೇಕ್ ಹಾಕಿದಾಗಲೆಲ್ಲ ಕಬ್ಬಿಣ ಹೊಟ್ಟೆಗೆ. ಅಪಘಾತವೇ ಆದರೆ ಆ ಕಬ್ಬಿಣ ಹೊಟ್ಟೆಯೊಳಗೆ ಏನು ಮಾಡೀತು ಅಂತ ಯೋಚಿಸಿ. ಪಕ್ಕಕ್ಕಿದ್ದರೆ ಸೀಟಿಗೂ ಸೊಂಟಕ್ಕೂ ನಡುವೆ ಒತ್ತುತ್ತದೆ, ಆದರೆ ಹೊಟ್ಟೆ ಉಳಿಯುತ್ತದೆ. ಬೈಕಿನಲ್ಲಿ ಮುಂದಿನದು ಟ್ಯಾಂಕಿಗೂ ಹೊಟ್ಟೆಗೂ ನಡುವೆ ಸಿಕ್ಕಿಕೊಳ್ಳುತ್ತದೆ. ರೋಡ್ ಹಂಪಿನ ಲೆಕ್ಕ ನಮ್ಮ ಕಡೆ ಗೊತ್ತಲ್ಲ. ಬೈಕಿಗೆ ಪಕ್ಕವೇ ವಾಸಿ, ಆದರೆ ಗಾಳಿಗೆ ಅಂಗಿ ಹಾರದ ಹಾಗೆ ಮೇಲೊಂದು ಜಾಕೆಟ್ ಬೇಕು.

ಉಳಿದ ಜಾಗಗಳು

ಬೆನ್ನಿನ ನಡುವೆ, 6 ಗಂಟೆಗೆ: ಬೇಡ. ಜಾರಿ ಬಿದ್ದರೆ ಬೆನ್ನುಮೂಳೆ ಅದರ ಮೇಲೆ. ಮಳೆಗಾಲದ ಬೆಳಗಾವಿಯಲ್ಲಿ ಜಾರಿ ಬೀಳುವುದು ಅಪರೂಪವೇನಲ್ಲ.

ಹೆಗಲಿಗೆ ನೇತುಹಾಕುವ ಹೋಲ್ಸ್ಟರ್ ಸಿನಿಮಾದಲ್ಲಿ ಚೆಂದ. ಮೇಲೆ ಕೋಟು ಬೇಕೇ ಬೇಕು. ಡಿಸೆಂಬರ್‌ನ ಬೆಳಗಾವಿಯಲ್ಲಿ ನಡೆದೀತು. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ವಿಜಯಪುರದಲ್ಲಿ ಕೋಟು ಹಾಕಿಕೊಂಡು ಹೊರಟರೆ ಆ ಕೋಟೇ ಎಲ್ಲರಿಗೂ ವಿಷಯ ಹೇಳುತ್ತದೆ. ಅಡ್ಡ ಮಲಗುವ ಮಾದರಿಯಾದರೆ ನಿಮ್ಮ ಹಿಂದೆ ನಿಂತವರ ಕಡೆಗೇ ನಳಿಗೆ. ಪಾಳಿಯಲ್ಲಿ ಹಿಂದೆ ನಿಂತ ಅಜ್ಜಿಗೆ ಏನು ಪಾಪ?

ಎಡ ಸೊಂಟದ ಮುಂದೆ ಕಟ್ಟಿ ಬಲಗೈಯಿಂದ ಅಡ್ಡ ಎಳೆಯುವ ಪದ್ಧತಿ ದಿನವಿಡೀ ಕಾರು ಓಡಿಸುವವರಿಗೆ ಹೊಂದುತ್ತದೆ. ಆದರೆ ಹಿಡಿ ಎದುರಿನವನ ಕೈಗೆ ಹತ್ತಿರ. ಕಾಲಿನ ಹೋಲ್ಸ್ಟರ್ ಧೋತರಕ್ಕೂ ಆಗುವುದಿಲ್ಲ, ಚಪ್ಪಲಿ ಹಾಕುವವರಿಗೂ ಆಗುವುದಿಲ್ಲ. ಜೇಬಿನಲ್ಲಿ ನಿರ್ಭೀಕ್ ಹಿಡಿಸುತ್ತದೆ, ಆದರೆ ಆ ಜೇಬಿಗೂ ಬೇರೆ ಹೋಲ್ಸ್ಟರ್ ಬೇಕು. ಅದರಲ್ಲಿ ಬೀಗದ ಕೈ, ಚಿಲ್ಲರೆ, ಸುಣ್ಣದ ಡಬ್ಬಿ ಏನೂ ಇರಬಾರದು. ತಂಬಾಕು ತಿನ್ನುವವರ ಕೈ ಯಾವ ಜೇಬಿಗೆ ಹೋಗುತ್ತದೆ ಅಂತ ಅವರಿಗೇ ಗೊತ್ತಿರುವುದಿಲ್ಲ.

ಚೀಲದ ಬಗ್ಗೆ ಮಾತ್ರ ಎರಡು ಮಾತು ಜಾಸ್ತಿ ಹೇಳಬೇಕು. ಎದೆಗೆ ಅಡ್ಡ ಹಾಕಿಕೊಳ್ಳುವ ಸಣ್ಣ ಚೀಲ, ಒಳಗೆ ರಿವಾಲ್ವರ್‌ಗೆ ಬೇರೆ ಖಾನೆ, ಅದರಲ್ಲಿ ಹೋಲ್ಸ್ಟರ್. ತೆಗೆಯುವುದು ನಿಧಾನ, ಎರಡು ಕೈ ಬೇಕು. ಆದರೆ ಮೈಗೆ ಭಾರವಿಲ್ಲ, ಬೆವರು ತಾಗುವುದಿಲ್ಲ, ಕೂತಾಗ ಹೇಗೆ ಬೇಕೋ ಹಾಗೆ ಪಕ್ಕಕ್ಕೆ ಸರಿಸಿಕೊಳ್ಳಬಹುದು. ಒಂದೇ ಶರತ್ತು: ಚೀಲ ಮೈಯಿಂದ ಇಳಿಯಬಾರದು. ಕುರ್ಚಿಗೆ ನೇತುಹಾಕಿದಿರೋ, ಪಕ್ಕದ ಮನೆಯ ಮಗು ಜಿಪ್ ಎಳೆಯುತ್ತದೆ.

ಹೋಲ್ಸ್ಟರ್ ಮತ್ತು ಬೆವರು

ಜಾಗಕ್ಕಿಂತ ದೊಡ್ಡ ವಿಷಯ ಇದು ಅಂತ ಈಗ ನನಗೆ ಅನಿಸುತ್ತದೆ. ಅಥಣಿಯಲ್ಲಿ ಚಪ್ಪಲಿ ಮಾಡುವ ಮನೆಗಳಿವೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡವೂ ಅದರಲ್ಲಿ ಸೇರಿದವು. ಅಂಥ ಒಬ್ಬ ಹಿರಿಯರಿಂದ ನಾನು ಹೋಲ್ಸ್ಟರ್ ಹೊಲಿಸಿದೆ. ಕಟ್ಟಿಗೆಯ ಅಚ್ಚು ಕೊಟ್ಟೆ, ರಿವಾಲ್ವರ್ ಕೊಡಲಿಲ್ಲ. ಎಮ್ಮೆ ತೊಗಲು, ದಪ್ಪ ದಾರ, ಟ್ರಿಗರ್ ಬಳೆ ಪೂರ್ತಿ ಮುಚ್ಚುವ ಹಾಗೆ. ಮೊದಲ ವರ್ಷ ಅದು ಹಲಗೆಯ ಹಾಗೆ ಗಟ್ಟಿಯಿತ್ತು.

ಎರಡನೇ ಬೇಸಿಗೆ ಮುಗಿಯುವ ಹೊತ್ತಿಗೆ ಬಾಯಿ ಮೆತ್ತಗಾಗಿತ್ತು. ರಿವಾಲ್ವರ್ ತೆಗೆದರೆ ಬಾಯಿ ಒಳಕ್ಕೆ ಮಡಚಿಕೊಳ್ಳುತ್ತಿತ್ತು. ಮಡಚಿದ ಆ ತೊಗಲಿನ ತುಟಿ ಟ್ರಿಗರ್ ಬಳೆಯೊಳಗೆ ಹೋದರೆ ಅದೂ ಒಂದು ಬೆರಳೇ. ಹಿರಿಯರಿಗೆ ತೋರಿಸಿದೆ. ತಿರುಗಿಸಿ, ಮೂಸಿ ನೋಡಿ, "ತಮ್ಮಾ, ಇದು ನಿನ್ನ ಬೆವರು ಕುಡದು ಸತ್ತೈತಿ. ಬಿಸಾಕು," ಅಂದರು. ಬಾಯಿಗೆ ತಗಡಿನ ಪಟ್ಟಿ ಇಟ್ಟು ಹೊಸದು ಹೊಲಿದು ಕೊಟ್ಟರು. ಗಟ್ಟಿ ಪ್ಲಾಸ್ಟಿಕ್‌ನದು, ಕೈಡೆಕ್ಸ್ ಅನ್ನುತ್ತಾರೆ, ಬಾಯಿ ಮುಚ್ಚಿಕೊಳ್ಳುವುದಿಲ್ಲ, ಬೆವರೂ ಹೀರುವುದಿಲ್ಲ. ಮುಂದೆ ಸಿಗಿಸುವವರು ನಿಮ್ಮ ರಿವಾಲ್ವರ್‌ನ ಅಳತೆಗೇ ಮಾಡಿದ್ದು ಸಿಕ್ಕರೆ ಅದನ್ನೇ ತಗೊಳ್ಳಿ. ಅಳತೆ ಹೊಂದದ್ದು ಬೇಡ. ಮೆತ್ತನೆ ನೈಲಾನ್ ಚೀಲದಂಥ ಹೋಲ್ಸ್ಟರ್ ಅಗ್ಗಕ್ಕೆ ಸಿಗುತ್ತದೆ, ಅದನ್ನು ಮುಂದಿಗಂತೂ ಬಳಸಲೇಬೇಡಿ. ಹೊರಗಿನಿಂದ ಒತ್ತಿದರೆ ಟ್ರಿಗರ್ ಕೈಗೆ ಸಿಗುತ್ತದೆಯೇ ಅಂತ ಖಾಲಿ ರಿವಾಲ್ವರ್ ಇಟ್ಟು ಒತ್ತಿ ನೋಡಿ. ಸಿಕ್ಕರೆ ಅಂಗಡಿಗೆ ವಾಪಸು.

ಬೆವರು ಉಕ್ಕನ್ನೂ ಬಿಡುವುದಿಲ್ಲ. ಮುಂದೆ ಹೊಟ್ಟೆಯ ಪಕ್ಕ ಇದ್ದದ್ದಕ್ಕೆ ಎರಡೇ ವಾರದಲ್ಲಿ ಹಿಡಿಯ ಬುಡದಲ್ಲಿ ಕಂದು ಚುಕ್ಕೆ ಬಂದಿತ್ತು. ಬೇಸಿಗೆಯಲ್ಲಿ ದಿನಾ ರಾತ್ರಿ ಗುಂಡು ತೆಗೆದು, ಒಣಬಟ್ಟೆಯಲ್ಲಿ ಒರೆಸಿ, ಒಂದು ಹನಿ ಎಣ್ಣೆ. ಗುಂಡನ್ನು ತೊಗಲಿನ ಪಟ್ಟಿಯಲ್ಲೇ ತಿಂಗಳುಗಟ್ಟಲೆ ಬಿಟ್ಟರೆ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಯುತ್ತದೆ. ರಿವಾಲ್ವರ್ ಒಂದು ಲಾಕರ್, ಗುಂಡು ಇನ್ನೊಂದು.

ಹಾಗಾದರೆ ಯಾರಿಗೆ ಯಾವುದು?

ನನ್ನನ್ನು ಕೇಳಿದರೆ, ನಿಂತು ಕೆಲಸ ಮಾಡುವವರಿಗೆ, ಗದ್ದಲದಲ್ಲಿ ಓಡಾಡುವವರಿಗೆ, ಸಪೂರ ಮೈಯವರಿಗೆ, ಗಟ್ಟಿ ಹೋಲ್ಸ್ಟರ್ ಇದ್ದವರಿಗೆ ಮುಂದಿನದು ನಡೆಯುತ್ತದೆ. ರಿವಾಲ್ವರ್‌ನ ಟ್ರಿಗರ್ ಉದ್ದಕ್ಕೆ, ಬಿಗಿಯಾಗಿ ಎಳೆಯಬೇಕು, ಅದೊಂದು ರಕ್ಷೆ. ಪಿಸ್ತೂಲು ಇದ್ದವರು ಮುಂದೆ ಇಡುವುದಾದರೆ ಛೇಂಬರ್, ಅಂದರೆ ನಳಿಗೆಯ ಹಿಂದೆ ಗುಂಡು ಕೂರುವ ಜಾಗ, ಖಾಲಿ ಇರಲಿ. ಅದಕ್ಕೆ ಒಪ್ಪದವರು ಪಕ್ಕಕ್ಕೆ ಕಟ್ಟಿ. ಹಳೆಯ ಕಾಲದ ರಿವಾಲ್ವರ್ ಇದ್ದವರು ಲೈಸೆನ್ಸ್ ಇರುವ ಬಂದೂಕು ರಿಪೇರಿಯವರಿಗೆ ತೋರಿಸಿ, ಬಿದ್ದರೆ ಹಾರದ ಹಾಗೆ ಒಳಗೆ ತಡೆ ಇದೆಯೇ ಕೇಳಿ. ಇಲ್ಲದಿದ್ದರೆ ಉರುಳೆಯಲ್ಲಿ ಹ್ಯಾಮರ್ ಎದುರಿಗೆ ಬರುವ ಗುಂಡಿನ ಜಾಗ ಖಾಲಿ ಬಿಟ್ಟು ಐದೇ ಗುಂಡು.

ಗಾದಿ ಮೇಲೆ ಕೂರುವವರು, ದಿನಕ್ಕೆ ನಾಲ್ಕು ಸಲ ನೆಲಕ್ಕೆ ಕೂತು ಏಳುವವರು, ಕಾರಿನಲ್ಲಿ ಜಾಸ್ತಿ ಹೊತ್ತು ಇರುವವರು, ಹೊಟ್ಟೆ ಇದ್ದವರು ಪಕ್ಕಕ್ಕೆ ಕಟ್ಟಿ. ಅಂದರೆ ನನ್ನ ಪರಿಚಯದ ಮುಕ್ಕಾಲು ಜನ. ಮದುವೆ ಮನೆಗೆ, ಗುಡಿಗೆ, ಕುಡಿಯುವ ಕೂಟಕ್ಕೆ ಹೋಗುವಾಗ ಮೂರನೆಯ ಜಾಗವೇ ಸರಿ: ಮನೆಯ ಲಾಕರ್.

ತೀರ್ಮಾನಕ್ಕೆ ಮುಂಚೆ ಕಾಕಾ ನನಗೆ ಮಾಡಿಸಿದ ಪರೀಕ್ಷೆ ನೀವೂ ಮಾಡಿ. ಬಡಿಗೇರರಿಗೆ ಹೇಳಿ ರಿವಾಲ್ವರ್ ಆಕಾರದ ಸಾಗವಾನಿ ತುಂಡು ಮಾಡಿಸಿದೆ, ಒಳಗೆ ಕಬ್ಬಿಣದ ಚೂರು ಬಡಿದು ತೂಕ ಸರಿ ಮಾಡಿಸಿದೆ. ಅಥಣಿಗೆ ಅಚ್ಚಾಗಿ ಹೋದದ್ದೂ ಅದೇ. ಹದಿನೈದು ದಿನ ಮನೆಯೊಳಗೆ ಅದನ್ನೇ ಕಟ್ಟಿಕೊಂಡು ಓಡಾಡಿದೆ, ವಾರ ಮುಂದೆ, ವಾರ ಪಕ್ಕಕ್ಕೆ. ಉಂಡೆ, ಗಾಡಿಯಲ್ಲಿ ಕೂತೆ, ಮಗಳನ್ನು ಎತ್ತಿಕೊಂಡೆ. ಮುಂದೆ ಕಟ್ಟಿದ್ದ ವಾರ ಮಗಳು ತೊಡೆಯ ಮೇಲೆ ಬಂದು ಕೂತಳು. ಸಾಗವಾನಿ ನಳಿಗೆ ಯಾವ ಕಡೆ ಇದೆ ಅಂತ ನೋಡಿದೆ. ಅವತ್ತೇ ಪಕ್ಕಕ್ಕೆ ಬದಲಿಸಿದೆ. ಆಮೇಲೂ ಗದ್ದಲಕ್ಕೆ ಅಂತ ಕೆಲವು ಸಲ ಮುಂದೆ ಇಟ್ಟಿದ್ದೇನೆ, ಸುಳ್ಳು ಯಾಕೆ ಹೇಳಲಿ? ವಾಸ್ತುಶಾಂತಿಯದೂ ಉಡದಾರದ್ದೂ ಆ ಕೆಲವು ಸಲದವೇ.

2024ರ ಲೋಕಸಭೆ ಚುನಾವಣೆಗೆ ಮಾರ್ಚ್‌ನಲ್ಲಿ ರಿವಾಲ್ವರ್ ಠಾಣೆಗೆ ಒಪ್ಪಿಸಿ ರಸೀದಿ ತಂದೆ. ನಮ್ಮಲ್ಲಿ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ಬೇಸಿಗೆ ಪೂರ್ತಿ ಸೊಂಟ ಖಾಲಿ. ಚರ್ಮದ ಕಪ್ಪು ಕಲೆ ಅರ್ಧ ಮಾಸಿತು. ಆದರೆ ಬಸ್ ಹತ್ತುವಾಗ, ಸಂತೆಯಲ್ಲಿ ಯಾರಾದರೂ ತಾಗಿದಾಗ, ಬಲ ಮೊಣಕೈ ತಾನಾಗೇ ಪಕ್ಕೆಗೆ ಒತ್ತಿಕೊಳ್ಳುತ್ತಿತ್ತು. ಹೆಂಡತಿ ಒಂದು ದಿನ ಕೇಳಿದಳು: "ಯಾಕ್ರೀ, ಕೈ ನೋಯಾಕತ್ತೈತೇನು?"